ದಾದಾ ಬರೆದ ಇಕ್ಕಟ್ಟಿನ ‘ಯ’

ಆ ಶನಿವಾರ ಬೆಳಿಗ್ಗೆ ಸನಾಳ ಜಡೆ ಹೆಣೆಯುತ್ತಿದ್ದಾಗ ಅವಳ ಕೂದಲಿನಿಂದ ಪೇಂಟಿನ ವಾಸನೆ ಬಂತು. ಅಲ್ಲಿಯವರೆಗೆ ಎಲ್ಲವೂ ದಿನದ ಹಾಗೆಯೇ ನಡೆದಿತ್ತು. ಹಾಲು ಕಾಯಿಸಿ, ಚಪಾತಿ ಬೇಯಿಸಿ, ಒಂದು ಡಬ್ಬಿಗೆ ಬಟಾಟೆ ಪಲ್ಯ, ಇನ್ನೊಂದಕ್ಕೆ ಹೆಚ್ಚಿದ ಪೇರಲ ಹಣ್ಣು ತುಂಬಿದ್ದೆ. ಎಂದಿನಂತೆ ಒಂದೇ ಕಾಲಿನ ಸಾಕ್ಸು ಸಿಕ್ಕಿ, ಇನ್ನೊಂದಕ್ಕಾಗಿ ಮಂಚದ ಕೆಳಗೆ ಕಸಬರಿಗೆ ಹಾಕಿ ಎಳೆದಿದ್ದೆ. ಶಾಲೆಯ ವ್ಯಾನು ಎಂಟೂಕಾಲಿಗೆ ನಮ್ಮ ಓಣಿಯ ತುದಿಗೆ ಬರುತ್ತದೆ. ಗಡಿಯಾರ ಆಗಲೇ ಎಂಟು ದಾಟಿತ್ತು. ಅವಳ ಎಡಕಿವಿಯ ಹಿಂದೆ ಒಂದು ಎಳೆ ಕೂದಲು ಕೆಂಪಗೆ, ಕಡ್ಡಿಯ ಹಾಗೆ ಗಟ್ಟಿಯಾಗಿ ನಿಂತಿತ್ತು. ಗೇಟಿಗೆ ಬಳಿಯಲೆಂದು ನಮ್ಮವರು ತಂದಿಟ್ಟ ಎನಾಮಲ್ ಪೇಂಟು. ಸೋಪಿಗೆ ಅದು ಜಗ್ಗುವುದಿಲ್ಲ. ಅಂಗೈಗೆ ಕೊಬ್ಬರಿ ಎಣ್ಣೆ ಸುರಿದುಕೊಂಡು ಆ ಎಳೆಯನ್ನು ಎರಡು ಬೆರಳ ನಡುವೆ ಹಿಡಿದು ತಿಕ್ಕತೊಡಗಿದೆ. ಒಣಗಿದ ಪೇಂಟಿಗೆ ಎಣ್ಣೆ ತಾಗಿದಾಗ ಒಂದು ವಾಸನೆ ಏಳುತ್ತದೆ. ಸೀಮೆಎಣ್ಣೆಯದೂ ಅಲ್ಲ, ತೆಂಗಿನದೂ ಅಲ್ಲ, ಎರಡರ ನಡುವಿನ ಬೆಚ್ಚಗಿನ, ತುಸು ತಲೆ ತಿರುಗಿಸುವ ವಾಸನೆ. ಅದು ಮೂಗಿಗೆ ಬಿದ್ದದ್ದೇ ನನ್ನ ಕೈ ಜಡೆಯ ನಡುವೆ ನಿಂತುಹೋಯಿತು. ಮೂವತ್ತು ವರ್ಷಗಳ ಹಿಂದೆ, ಯಲ್ಲಾಪುರದ ಹೆದ್ದಾರಿಯ ಪಕ್ಕದ ಮನೆಯಲ್ಲಿ, ಹೀಗೆಯೇ ಎಣ್ಣೆ ಹಚ್ಚಿ, ಬೆರಳು ಬೆರಳನ್ನೂ ಬೇರೆಬೇರೆಯಾಗಿ ಹಿಡಿದು ನನ್ನ ಕೈಯ ಬಣ್ಣ ಬಿಡಿಸುತ್ತಿದ್ದವರು ನನ್ನ ದಾದಾ, ಅಪ್ಪನ ಅಪ್ಪ.

“ಅಮ್ಮಿ, ವ್ಯಾನು,” ಎಂದಳು ಸನಾ. ನಾನು ಜಡೆ ಮುಗಿಸಿದೆ.

ಪೇಂಟು ಅವಳ ಕೂದಲಿಗೆ ಹತ್ತಿದ್ದು ಹೇಗೆ ಎಂದು ಮೊದಲು ಹೇಳಬೇಕು. ಹಿಂದಿನ ವಾರ ಶಾಲೆಯ ವಾಟ್ಸಾಪ್ ಗುಂಪಿಗೆ ಸಂದೇಶ ಬಂದಿತ್ತು. ಒಂದರಿಂದ ನಾಲ್ಕನೇ ತರಗತಿಯ ಮಕ್ಕಳು ‘ಬೆಸ್ಟ್ ಔಟ್ ಆಫ್ ವೇಸ್ಟ್’ ಎಂಬ ಆರ್ಟ್ ಪ್ರಾಜೆಕ್ಟ್ ಮಾಡಿ ತರಬೇಕು, ಶನಿವಾರ ಹನ್ನೊಂದಕ್ಕೆ ಪ್ರದರ್ಶನ, ಪಾಲಕರೆಲ್ಲ ಬರಬೇಕು. ಕೊನೆಯಲ್ಲೊಂದು ಸಾಲು: ಕೆಲಸ ನೀಟಾಗಿರಲಿ. ಸನಾ ಎರಡನೇ ತರಗತಿ. ಸಂದೇಶ ಓದಿ ಹೇಳಿದ್ದೇ ತಡ, ತನ್ನಪ್ಪನ ಚಪ್ಪಲಿಯ ಖಾಲಿ ಬಾಕ್ಸು ಹುಡುಕಿಕೊಂಡು ಬಂದು ಹಿತ್ತಲ ಮೆಟ್ಟಿಲ ಮೇಲೆ ಕೂತಳು. ಮೂರು ಸಂಜೆ ಅಲ್ಲಿಂದ ಏಳಲಿಲ್ಲ. ಅವಳು ಮಾಡಿದ್ದು ಒಂದು ಬಸ್ಸು. ಅದರ ಹಿಂದಿನ ತಿಂಗಳು ಒಂದು ಮದುವೆಗೆಂದು ನಾವು ಶಿರಸಿಯಿಂದ ಯಲ್ಲಾಪುರಕ್ಕೆ ಹೋಗಿದ್ದೆವಲ್ಲ, ಅದೇ ಕೆಂಪು ಬಸ್ಸು; ಗೇಟಿನ ಪೇಂಟನ್ನೇ ಅದಕ್ಕೆ ಬಳಿದು, ಕೂದಲಿಗೂ ಹತ್ತಿಸಿಕೊಂಡಿದ್ದಳು. ಗಾಲಿಗೆ ಮೂರು ಬಾಟಲಿ ಮುಚ್ಚಳ. ನಾಲ್ಕನೆಯದು ಸಿಗದೆ ಉಪ್ಪಿನಕಾಯಿ ಡಬ್ಬಿಯ ದೊಡ್ಡ ಮುಚ್ಚಳ. ಹೀಗಾಗಿ ಬಸ್ಸು ಒಂದು ಮಗ್ಗುಲಿಗೆ ವಾಲಿ ನಿಂತಿತ್ತು, ನಮ್ಮ ದಾರಿಯ ತಿರುವುಗಳಲ್ಲಿ ನಿಜವಾದ ಬಸ್ಸು ವಾಲುವ ಹಾಗೆಯೇ. ಬಾಗಿಲಲ್ಲಿ ಸೀಟಿ ಕಚ್ಚಿಕೊಂಡ ಕಂಡಕ್ಟರ್. ಅವನಿಗಿಂತ ಅವನ ಚೀಲವೇ ದೊಡ್ಡದು. ಆರು ಕಿಟಕಿಗೆ ಆರು ಮುಖ. ಐದನೆಯ ಕಿಟಕಿಯ ಮುಖ ಪೂರ್ತಿ ಹೊರಗೆ ಜೋತುಬಿದ್ದಿತ್ತು, ಬಾಯಿಂದ ಒಂದು ಗೇಣು ಹಸಿರು ಉಲ್ಲನ್ ದಾರ ಇಳಿದಿತ್ತು.

“ಇದ್ಯಾರೇ?” ಎಂದು ಕೇಳಿದೆ.

“ಅವತ್ತು ನಮ್ಮ ಮುಂದೆ ಕೂತಿದ್ರಲ್ಲ ಅಮ್ಮಿ, ವಾಂತಿ ಮಾಡೋರು. ಪಾಪ, ಊರು ಬರೋ ತನಕ ಮಾಡಿದ್ರು.”

ನಾನು ನಕ್ಕು ನಕ್ಕು ಗೋಡೆ ಹಿಡಿದುಕೊಂಡೆ. ನಾನಾದರೂ ಆ ಹೆಂಗಸನ್ನು ಮರೆತೇಬಿಟ್ಟಿದ್ದೆ. ಈ ಮಗು ನೋಡಿತ್ತು, ಪಾಪ ಅಂದುಕೊಂಡಿತ್ತು, ಹಸಿರು ದಾರ ಹುಡುಕಿ ಅಂಟಿಸಿತ್ತು. ಗುರುವಾರ ಬಸ್ಸನ್ನು ಎರಡೂ ಕೈಯಲ್ಲಿ ಹೊತ್ತು ಶಾಲೆಗೆ ಹೋದಳು. ಶುಕ್ರವಾರ ಬಸ್ಸು ವಾಪಸು ಬಂತು. ಕಂಡಕ್ಟರನ ಮುಖದ ಮೇಲೆ ಹಳದಿ ಚೀಟಿ ಅಂಟಿತ್ತು: ನೀಟಾಗಿಲ್ಲ, ಪಾಲಕರು ಸಹಾಯ ಮಾಡಬೇಕು. ನಾನು ಫೋನ್ ಮಾಡಿದೆ. ಸನಾಳ ಮಿಸ್ ಚಿಕ್ಕ ವಯಸ್ಸಿನವಳು, ಒರಟಾಗಿ ಮಾತಾಡುವವಳಲ್ಲ. “ಮ್ಯಾಮ್, ವಾಂತಿ ಎಲ್ಲಾ ಬೇಡ ಮ್ಯಾಮ್, ಹೊರಗಿನವರು ಬರ್ತಾರೆ ನೋಡಿ. ಮತ್ತೆ ಇದನ್ನ ಕಂಡ್ರೆ ಗೊತ್ತಾಗಿಬಿಡ್ತದೆ, ಮಗುನೇ ಮಾಡಿದ್ದು ಅಂತ.”

“ಹೌದಲ್ಲ ಮಿಸ್, ಮಗುವೇ ಮಾಡಿದ್ದು.”

“ಅದೇ ಮ್ಯಾಮ್, ನಾನೂ ಅದೇ ಹೇಳಿದ್ದು.”

ಫೋನಿಟ್ಟು ಪೇಟೆಗೆ ಹೋದೆ. ಬಸ್ ನಿಲ್ದಾಣದ ಹತ್ತಿರದ ಫ್ಯಾನ್ಸಿ ಅಂಗಡಿಯವನು ನಾನು ಬಾಯಿ ತೆರೆಯುವ ಮೊದಲೇ ಕೇಳಿದ, “ಪ್ರಾಜೆಕ್ಟಾ ಅಕ್ಕಾ? ಎಷ್ಟನೇ ಇಯತ್ತೆ? ಎರಡಾದ್ರೆ ಗುಡಿಸಲು ಒಯ್ಯಿ. ಮೂರಕ್ಕೆ ಬಾವಿ ಮಾಡಿಟ್ಟಿದ್ದೆ. ನಿನ್ನೆಯಿಂದ ಬರೀ ಅದೇ ಹೋಗ್ತಾ ಉಂಟು.” ಅವನ ಕಪಾಟಿನಲ್ಲಿ ಗುಡಿಸಲುಗಳ ಒಂದು ಊರೇ ಇತ್ತು. ಥರ್ಮಾಕೋಲಿನ ಅಂಗಳ, ಪ್ಲಾಸ್ಟಿಕ್ಕಿನ ಹುಲ್ಲು, ಐಸ್‌ಕ್ರೀಮನ್ನೇ ಕಾಣದ ಐಸ್‌ಕ್ರೀಮ್ ಕಡ್ಡಿಗಳ ಗೋಡೆ. ಕಸದಿಂದ ಮಾಡಬೇಕಾದ ವಸ್ತುವನ್ನು ಹೊಚ್ಚ ಹೊಸ ಪಾರದರ್ಶಕ ಕಾಗದದಲ್ಲಿ ಸುತ್ತಿ, ಮೇಲೆ ರಿಬ್ಬನ್ ಕಟ್ಟಿಟ್ಟಿದ್ದರು. ಹೆಸರು ಬರೆಯಲು ಜಾಗವೂ ಇತ್ತು. ನಾನು ಒಂದನ್ನು ಕೊಂಡೆ. ಹೌದು, ನಾನೇ ಕೊಂಡೆ. ಬೇರೆಯವರನ್ನು ಬೈಯುವ ಮೊದಲು ಇದನ್ನು ಹೇಳಿಬಿಡಬೇಕು.

ಶನಿವಾರ ಬೆಳಿಗ್ಗೆ ಎಣ್ಣೆಯ ಕೈ ಒರೆಸಿಕೊಂಡು ಆ ಗುಡಿಸಲಿನ ಕವರನ್ನು ಸನಾಳ ಕೈಗೆ ಕೊಟ್ಟೆ. ಅವಳು ಅತ್ತಿದ್ದರೆ ಚೆನ್ನಾಗಿತ್ತು, ಅಳಲಿಲ್ಲ. “ಇದನ್ನ ಯಾರು ಮಾಡಿದ್ದು ಅಂತ ಮಿಸ್ ಕೇಳಿದ್ರೆ?” ಎಂದಳು.

“ಕೇಳಲ್ಲ.”

“ಕೇಳಿದ್ರೆ?”

“ನಾವು ಮಾಡಿದ್ದು ಅನ್ನು.”

‘ನಾವು’ ಎಂದರೆ ಯಾರು ಎಂದು ಅವಳು ಕೇಳಲಿಲ್ಲ. ವ್ಯಾನು ಹತ್ತಿದಳು. ನಾನು ಮನೆಯೊಳಗೆ ಬಂದು ಮೂರು ಸಲ ಕೈ ತೊಳೆದೆ. ಹೋಗದ ಆ ವಾಸನೆಯ ಜೊತೆ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ.

ಯಲ್ಲಾಪುರದ ನಮ್ಮ ಮನೆ ದೊಡ್ಡದೇನಲ್ಲ. ರೈಲಿನ ಡಬ್ಬಿಗಳ ಹಾಗೆ ಒಂದರ ಹಿಂದೊಂದು ಮೂರು ಕೋಣೆ. ಎದುರಿಗೆ ಎರಡು ಲಾರಿ ನಿಲ್ಲುವಷ್ಟು ಬಯಲು. ಬಯಲಿನ ಆಚೆ ಹೆದ್ದಾರಿ. ಅಂಕೋಲೆಯ ಕಡೆಯಿಂದ ಘಟ್ಟ ಹತ್ತಿ ಬಂದ ಲಾರಿಗಳು ಹುಬ್ಬಳ್ಳಿಗೆ ಹೋಗುವ ಮುನ್ನ ನಮ್ಮ ಮನೆಯೆದುರು ನಿಟ್ಟುಸಿರು ಬಿಟ್ಟು ನಿಲ್ಲುತ್ತಿದ್ದವು. ದಾದಾ ಲಾರಿಗಳಿಗೆ ಬಣ್ಣ ಬರೆಯುವವರು. ಹಿಂಬದಿಯ ಹಲಗೆಯ ಮೇಲೆ ಎದುರುಬದುರು ಎರಡು ಗಿಳಿ, ನಡುವೆ ತಾವರೆ, ಬಾಗಿಲ ಮೇಲೆ ಮಾಲೀಕನ ಹೆಸರು, ನೆತ್ತಿಯ ಹಲಗೆಯ ಮೇಲೆ ಊರಿನ ಹೆಸರು. ತೆಂಗಿನ ಚಿಪ್ಪುಗಳಲ್ಲಿ ಬಣ್ಣ, ಒಂದು ಹಳೆಯ ಹಾಲಿನ ಡಬ್ಬಿಯಲ್ಲಿ ಟರ್ಪೆಂಟೈನು, ಅದರಲ್ಲಿ ತಲೆಕೆಳಗಾಗಿ ನಿಂತ ಬ್ರಷ್ಷುಗಳು. ನನ್ನ ದಾದಿ, ಅಪ್ಪನ ಅಮ್ಮ, ಹಳೆಯ ಸೀರೆಗಳನ್ನು ಕರವಸ್ತ್ರದಷ್ಟಗಲ ಹರಿದು ಅವರ ಪಕ್ಕದಲ್ಲಿ ಪೇರಿಸಿಡುತ್ತಿದ್ದಳು. ಸಂಜೆ ಅವು ಏಳು ಬಣ್ಣದ ಉಂಡೆಗಳಾಗಿ ಮರಳುತ್ತಿದ್ದವು. “ಈ ಕೈ ನೋಡಿ, ನಮಾಜಿಗೆ ಹೊರಟಿದೆಯೋ ಹೋಳಿಗೆ ಹೊರಟಿದೆಯೋ,” ಎಂದು ಅವಳು ಗೊಣಗುವಳು. ದಾದಾ ಬರೆದ ಹುಲಿಗೆ ಒಂದು ವಿಚಿತ್ರ ಸೌಮ್ಯ ಮುಖವಿರುತ್ತಿತ್ತು. ಒಬ್ಬ ಡ್ರೈವರ್ ಕೇಳಿದ್ದ, “ಚಾಚಾ, ಇದು ಹುಲಿಯೋ ನಿಮ್ಮ ಮಾವನೋ?” ದಾದಾ ಬ್ರಷ್ಷಿನಿಂದ ಕಣ್ಣು ತೆಗೆಯದೆ, “ಮಾವನೇ. ಹುಲಿಯನ್ನ ನಾನೆಲ್ಲಿ ನೋಡಿದ್ದೇನೆ?” ಎಂದಿದ್ದರು.

ದಾದಾರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಚಿಕ್ಕಂದಿನಲ್ಲಿ ನಾಲ್ಕಕ್ಷರ ಉರ್ದು ಕಲಿತದ್ದಷ್ಟೇ. ಡ್ರೈವರುಗಳು ಬೀಡಿಕಟ್ಟಿನ ಕಾಗದದ ಮೇಲೆ ಹೆಸರು ಬರೆದು ಕೊಡುತ್ತಿದ್ದರು. ದಾದಾ ಅದನ್ನು ಗಿಳಿಯ ಹಾಗೆ, ತಾವರೆಯ ಹಾಗೆ, ಚಿತ್ರವೆಂದೇ ನೋಡಿ ಬಿಡಿಸುತ್ತಿದ್ದರು. ಆದರೆ ಉರ್ದು ಕಲಿತ ಕೈ ಅಲ್ಲವೇ, ಶುರು ಮಾಡುತ್ತಿದ್ದದ್ದು ಬಲಗಡೆಯಿಂದ. ಯಲ್ಲಾಪುರ ಎಂದು ಬರೆಯಬೇಕಾದರೆ ಮೊದಲು ಬಲತುದಿಯಲ್ಲಿ ಒಂದು ‘ರ’, ದುಂಡಗೆ, ಹೊಟ್ಟೆ ತುಂಬ ಉಂಡ ಹಾಗೆ. ಆಮೇಲೆ ‘ಪು’, ಆಮೇಲೆ ‘ಲ್ಲಾ’. ಕೊನೆಗೆ ಎಡತುದಿಗೆ ಬಂದು ‘ಯ’ ಬರೆಯುವ ಹೊತ್ತಿಗೆ ಹಲಗೆಯೇ ಮುಗಿದಿರುತ್ತಿತ್ತು. ನಾವೆಲ್ಲ ಶಾಲೆಯಲ್ಲಿ ಚಾರ್ಟು ಬರೆದಾಗ ಕೊನೆಯ ಅಕ್ಷರ ಕಾಗದದ ಅಂಚಿಗೆ ಸಿಕ್ಕಿ ನಲುಗುತ್ತಿತ್ತು, ನಿಮಗೂ ನೆನಪಿರಬಹುದು. ದಾದಾರ ಬೋರ್ಡಿನಲ್ಲಿ ನಲುಗುತ್ತಿದ್ದದ್ದು ಮೊದಲನೆಯದು. ತುಂಬಿದ ಬಸ್ಸಿನ ಮೆಟ್ಟಿಲ ಮೇಲೆ ಒಂಟಿಕಾಲಲ್ಲಿ ನಿಂತವರ ಹಾಗೆ ಆ ಇಕ್ಕಟ್ಟಿನ ‘ಯ’ ಹೇಗೋ ತೂರಿಕೊಂಡಿರುತ್ತಿತ್ತು. ತಮಾಷೆಯೆಂದರೆ, ಗಾಡಿಯ ನಂಬರು ಮಾತ್ರ ಯಾವತ್ತೂ ಇಕ್ಕಟ್ಟಾಗುತ್ತಿರಲಿಲ್ಲ. ಉರ್ದುವಿನಲ್ಲೂ ಅಂಕಿಗಳನ್ನು ಬರೆಯುವುದು ಎಡದಿಂದಲೇ. ಅಕ್ಷರಕ್ಕೆ ಒಂದು ದಿಕ್ಕು, ಅಂಕಿಗೆ ಒಂದು ದಿಕ್ಕು. ದಾದಾರ ಕೈಗೆ ಅದರಲ್ಲಿ ಏನೂ ಗೊಂದಲವಿರಲಿಲ್ಲ. ಲಾರಿ ಇನ್ನೂ ದೂರ ಇರುವಾಗಲೇ ಅಂಗಡಿಯವರು, ಇದು ನಮ್ಮೂರ ಗಾಡಿ ಎಂದು ಆ ‘ಯ’ ನೋಡಿ ಹೇಳುತ್ತಿದ್ದರು.

ನಾನು ಬ್ರಷ್ಷು ಹಿಡಿಯಲು ಕಲಿತದ್ದು ಅವರ ತೊಡೆಯ ಮೇಲೆ ಕೂತು. ನನ್ನ ಕೈಯ ಮೇಲೆ ಅವರ ಕೈ. ಆ ಕೈಗೆ ಒಂದು ಸಣ್ಣ ನಡುಕವಿತ್ತು. ಬ್ರಷ್ಷು ತಗಡಿಗೆ ತಾಗಿದ ಕೂಡಲೇ ನಿಂತುಬಿಡುತ್ತಿತ್ತು. ಬೆಂಡೆಕಾಯಿ ಕತ್ತರಿಸಿ ಅಚ್ಚೊತ್ತಿದರೆ ಹೂವಾಗುತ್ತದೆ, ಹೆಬ್ಬೆರಳ ಗುರುತಿಗೆ ಮೂರು ಗೀಟು ಎಳೆದರೆ ಇಲಿಯಾಗುತ್ತದೆ, ಬಣ್ಣದಲ್ಲದ್ದಿದ ನೂಲನ್ನು ಮಡಿಸಿದ ಕಾಗದದೊಳಗಿಟ್ಟು ಎಳೆದರೆ ನವಿಲಿನಂಥದ್ದು ಏನೋ ಒಂದು ಆಗುತ್ತದೆ. ಈಗಿನ ಮಕ್ಕಳಿಗೆ ಪ್ರಾಜೆಕ್ಟೆಂದು ಹೇಳಿಕೊಡುವ ಇವೆಲ್ಲ ನನಗೆ ರಜೆಯ ಮಧ್ಯಾಹ್ನಗಳ ಆಟವಾಗಿದ್ದವು. ಏನಾಯಿತು ಎಂದು ಯಾರೂ ಕೇಳುತ್ತಿರಲಿಲ್ಲ. ದಾದಾ ಕಾಗದವನ್ನು ದೂರ ಹಿಡಿದು, ಒಂದು ಕಣ್ಣು ಮುಚ್ಚಿ, “ಇದಕ್ಕೆ ಬಾಲ ಬೇಕಾ?” ಎಂದಷ್ಟೇ ಕೇಳುತ್ತಿದ್ದರು. ಪೆನ್ಸಿಲ್ ಹಿಡಿದು ಕಾಪಿಯಲ್ಲಿ ಬರೆಯುವಾಗ ನಾನು ಎಲ್ಲ ಮಕ್ಕಳ ಹಾಗೆ ಎಡದಿಂದಲೇ ಬರೆಯುತ್ತಿದ್ದೆ. ಬ್ರಷ್ಷು ಹಿಡಿದರೆ ಮಾತ್ರ ಬಲದಿಂದ. ಒಂದು ಓದುವ ಅಕ್ಷರ, ಇನ್ನೊಂದು ಬಣ್ಣದ ಅಕ್ಷರ, ಅಷ್ಟೇ ಅಂದುಕೊಂಡಿದ್ದೆ.

ಮೂರನೇ ತರಗತಿಯಲ್ಲಿದ್ದಾಗ ನಮ್ಮ ಕಾನ್ವೆಂಟಿನಲ್ಲಿ ಚಿತ್ರಕಲೆಯ ಸಿಸ್ಟರ್ ಹೇಳಿದರು: ನಿಮ್ಮ ಊರಿನ ಹೆಸರು ಬರೆದು, ಕೆಳಗೆ ಊರಿನ ಒಂದು ಚಿತ್ರ ಬಿಡಿಸಿ ತನ್ನಿ. ನಾನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಎನಾಮಲ್ ಪೇಂಟಿನಿಂದಲೇ ಬರೆದೆ. ಕೆಳಗೆ ಒಂದು ಲಾರಿ. ಲಾರಿಯ ಕೆಳಗೆ ಕಾಲು ಚಾಚಿ ಮಲಗಿದ ಡ್ರೈವರ್, ಅವನ ಹೊಟ್ಟೆಯ ಮೇಲೆ ಒಂದು ಬೆಕ್ಕು. ಆ ಬೆಕ್ಕು ನಿಜವಾಗಿಯೂ ನಮ್ಮ ಬಯಲಿನಲ್ಲಿತ್ತು. ದಾದಾ ಆ ಎರಡು ದಿನ ಕಿರವತ್ತಿಯ ಕಡೆ ಕೆಲಸಕ್ಕೆ ಹೋಗಿದ್ದರು. ಅವರ ಬೆರಳೂ ಅದಕ್ಕೆ ತಾಗಿರಲಿಲ್ಲ. ಸಿಸ್ಟರ್ ನನ್ನ ಹಾಳೆಯನ್ನು ಎತ್ತಿ ಹಿಡಿದು ನೋಡಿದರು. ಆಮೇಲೆ ನನ್ನನ್ನು ನೋಡಿದರು.

“ಇದು ನಿನ್ನ ಅಜ್ಜ ಬರೆದದ್ದು. ಈ ‘ಯ’ ನನಗೆ ಗೊತ್ತಿಲ್ವಾ? ದಿನಾ ಬಸ್ಸಿಗೆ ನಿಂತಾಗ ನೋಡ್ತೇನೆ.”

ನಾನೇ ಬರೆದೆ ಎಂದೆ. “ಹಾಗಾದ್ರೆ ಬಾ, ಬೋರ್ಡಿನ ಮೇಲೆ ಹಾಗೇ ಬರಿ,” ಎಂದರು. ನನ್ನ ಕೈಯಲ್ಲಿ ಇದ್ದದ್ದು ಸುಣ್ಣದ ಕಡ್ಡಿ. ಅದು ಪೆನ್ಸಿಲ್ಲಿನ ಜಾತಿಯೋ ಬ್ರಷ್ಷಿನ ಜಾತಿಯೋ ತಿಳಿಯದೆ ಒಂದು ಕ್ಷಣ ನಿಂತೆ. ಹಾಗೇ ಬರಿ ಎಂದರಲ್ಲ, ಬೋರ್ಡಿನ ಬಲತುದಿಗೆ ಹೋಗಿ ‘ರ’ ಬರೆದೆ. ‘ಪು’ ಬರೆಯುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಬ್ಬಳು ಕಿಸಕ್ಕೆಂದಳು, ಆಮೇಲೆ ಇಡೀ ಕೋಣೆ. ನಾನು ‘ಯ’ ತನಕ ಬರೆದೇ ತಿರುಗಿದೆ. ಅದು ಸರಿಯಾಗಿ ಇಕ್ಕಟ್ಟಾಗಿಯೇ ಬಂದಿತ್ತು. ನನ್ನದು ಎಂದು ಸಾಬೀತಾಯಿತಲ್ಲ ಎಂದು ನಾನು ಸಿಸ್ಟರ್ ಮುಖ ನೋಡಿದೆ. ಅವರು ಡಸ್ಟರಿನಿಂದ ಅದನ್ನು ಒರೆಸುತ್ತ, “ಮೂರನೇ ಕ್ಲಾಸಿಗೆ ಬಂದ್ರೂ ಅಕ್ಷರ ಎಲ್ಲಿಂದ ಶುರು ಅಂತ ಗೊತ್ತಿಲ್ಲ,” ಎಂದರು. ಡೈರಿಯಲ್ಲಿ ಇಂಗ್ಲಿಷಿನಲ್ಲಿ ಎರಡು ಸಾಲು ಬರೆದರು. ಆ ಹಾಳೆಯನ್ನು ಉಳಿದ ಮಕ್ಕಳ ಹಾಳೆಗಳ ಜೊತೆ ಗೋಡೆಗೆ ಹಚ್ಚಲಿಲ್ಲ.

ಡೈರಿಯಲ್ಲಿದ್ದದ್ದನ್ನು ದಾದಾರಿಗೆ ನಾನೇ ಓದಿ, ನಾನೇ ಅರ್ಥ ಹೇಳಬೇಕಾಯಿತು. ಮಗುವಿನ ಚಿತ್ರವನ್ನು ಮನೆಯ ಹಿರಿಯರು ಬಿಡಿಸಬಾರದು, ತಪ್ಪು ಕಲಿಸಬಾರದು. ಮಕ್ಕಳು ನಕ್ಕದ್ದನ್ನೂ ಹೇಳಿದೆ. ಮುಚ್ಚಿಡಬಹುದಿತ್ತು, ಆ ಬುದ್ಧಿ ಆಗ ಇರಲಿಲ್ಲ. ದಾದಾ ಮೊದಲು ಜೋರಾಗಿ ನಕ್ಕರು. “ನನ್ನ ‘ಯ’ ಕಾನ್ವೆಂಟಿಗೂ ಹೋಗಿ ಬಂತಾ!” ಎಂದರು. ಆಮೇಲೆ ಬ್ರಷ್ಷನ್ನು ಡಬ್ಬಿಯಲ್ಲಿ ಆಡಿಸುತ್ತ ಬಹಳ ಹೊತ್ತು ಕೂತರು. ಮರುದಿನ ನಾನು ಶಾಲೆಯಿಂದ ಬಂದಾಗ ಒಂದು ತಗಡಿನ ತುಂಡು ಎದುರಿಗಿಟ್ಟುಕೊಂಡು ಕಾಯುತ್ತಿದ್ದರು. “ನಿಮ್ಮ ಶಾಲೆಯಲ್ಲಿ ಹೇಗೆ ಬರೀತಾರೆ, ತೋರಿಸು,” ಎಂದರು. ನಲವತ್ತು ವರ್ಷ ಲಾರಿಗಳಿಗೆ ಹೆಸರು ಬರೆದ ಮನುಷ್ಯನ ಕೈಯ ಮೇಲೆ ನನ್ನ ಎಂಟು ವರ್ಷದ ಕೈಯನ್ನಿಟ್ಟು, ಇಲ್ಲಿಂದ ದಾದಾ, ಇಲ್ಲಿಂದ, ಎಂದು ಎಡತುದಿಗೆ ಎಳೆದೆ. ತಗಡಿಗೆ ತಾಗಿದ ಮೇಲೂ ಅವರ ಕೈಯ ನಡುಕ ನಿಲ್ಲಲಿಲ್ಲ. ಅದು ನಿಲ್ಲದ್ದನ್ನು ನಾನು ಮೊದಲ ಬಾರಿ ಕಂಡದ್ದು ಆಗ.

ಆದರೂ ಬಿಡದೆ ಕಲಿತರು. ಹುಬ್ಬಳ್ಳಿಯ ಒಂದು ಲಾರಿಗೆ ಎಡದಿಂದ ಶುರು ಮಾಡಿ, ಗೀಟು ಹಾಕಿ, ಅಳತೆ ಮಾಡಿ ಬರೆದರು. ಎಲ್ಲ ಅಕ್ಷರವೂ ಒಂದೇ ಅಗಲ. ಡ್ರೈವರ್ ಬಂದು ಗಾಡಿಯ ಮುಂದೆ ನಿಂತು, ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. “ಚಾಚಾ, ಇದ್ಯಾರ ಕೈಯಾಗ ಬರಸೀರಿ? ಛಲೋ ಐತಿ, ಇಲ್ಲ ಅನ್ನಂಗಿಲ್ಲ. ಆದ್ರ ಗಾಡಿ ನಮ್ದು ಅನ್ನಿಸವಲ್ದು.” ದಾದಾ ಆ ವಾರದಿಂದ ಮತ್ತೆ ಬಲದಿಂದಲೇ ಬರೆದರು, ‘ಯ’ ಮತ್ತೆ ಮೆಟ್ಟಿಲ ಮೇಲೆ ನಿಂತಿತು. ನಾನು ಖುಷಿಯಿಂದ ಓಡಿಹೋಗಿ ಬ್ರಷ್ಷಿಗೆ ಕೈ ಚಾಚಿದೆ. “ನಕ್ಕೋ ಬೇಟಾ,” ಎಂದರು. ನಕ್ಕೋ ಎಂದರೆ ಬೇಡ; ಬಿಸಿ ಪಾತ್ರೆ ಮುಟ್ಟುವ ಮಗುವಿಗೆ ನಮ್ಮ ಮನೆಗಳಲ್ಲಿ ಹೇಳುವ ಮಾತು. “ನಿನ್ನ ಕೈಯನ್ನ ನಾನು ಕೆಡಿಸಿದೆ. ನೀನು ಓದೋ ಮಗು.” ಬ್ರಷ್ಷಿನ ಡಬ್ಬಿ ಅಂದಿನಿಂದ ಅಟ್ಟದ ಅಂಚಿನ ಮೇಲೆ, ನನಗೆ ಎಟುಕದಲ್ಲಿ ಕೂತಿತು. ನಾನು ಅತ್ತೆ, ಮುನಿಸಿಕೊಂಡೆ, ಆಮೇಲೆ ಮರೆತೆ. ಮಕ್ಕಳು ಮರೆಯುತ್ತಾರೆ, ಅದೇ ಅನ್ಯಾಯ. ನನ್ನ ಕೈಬರಹ ದುಂಡಗಾಯಿತು, ಶಾಲೆಯಲ್ಲಿ ಬಹುಮಾನವೂ ಬಂತು, ದಾದಾ ಅದನ್ನು ಬಂದುಹೋಗುವ ಡ್ರೈವರುಗಳಿಗೆಲ್ಲ ತೋರಿಸಿದರು. ಒಂದು ಗಿಳಿಯನ್ನೂ ನಾನು ಮತ್ತೆ ಬಿಡಿಸಲಿಲ್ಲ. ನಿಮ್ಮಿಂದ ಏನೂ ಕೆಟ್ಟಿಲ್ಲ ದಾದಾ ಎಂದು ಅವರಿಗೆ ಹೇಳಬೇಕಿತ್ತು. ಹೇಳುವಷ್ಟು ದೊಡ್ಡವಳಾಗುವ ಹೊತ್ತಿಗೆ ಅಂಟಿಸುವ ಅಕ್ಷರಗಳು ಬಂದಿದ್ದವು, ಫ್ಲೆಕ್ಸ್ ಬಂದಿತ್ತು. ದಾದಾ ಬಯಲಿನಲ್ಲಿ ಕುರ್ಚಿ ಹಾಕಿಕೊಂಡು ಬೇರೆ ಊರಿನ ಸ್ಟಿಕ್ಕರುಗಳು ಹಾದುಹೋಗುವುದನ್ನು ನೋಡುತ್ತ ಕೂತಿರುತ್ತಿದ್ದರು. ಅವರು ಹೋದರು, ದಾದಿ ಹೋದಳು, ಆ ಮೂರು ಡಬ್ಬಿಯ ಮನೆ ಕೈಬದಲಾಗಿ ನೆಲಸಮವಾಯಿತು. ಮದುವೆಗೆ ಹೋದಾಗ ನೋಡಿದೆ. ಅಲ್ಲೀಗ ಗಾಜಿನ ಬಾಗಿಲಿನ ಒಂದು ಅಂಗಡಿ ಇದೆ, ಅದರ ಹೆಸರಿನ ಅಕ್ಷರಗಳೆಲ್ಲ ಒಂದೇ ಅಗಲ.

ಅಡುಗೆಮನೆಯ ನೆಲದ ಮೇಲೆ ಕೂತಿದ್ದ ನನಗೆ ಸಿಟ್ಟು ಬಂದದ್ದು ನಿಧಾನವಾಗಿ, ಸಣ್ಣ ಉರಿಯ ಮೇಲಿಟ್ಟ ಹಾಲಿನ ಹಾಗೆ. ನನ್ನ ಹಾಳೆಯನ್ನು ಮಗು ಮಾಡಿದ್ದಲ್ಲ ಎಂದು ತೆಗೆದಿಟ್ಟರು. ನನ್ನ ಮಗಳ ಬಸ್ಸನ್ನು ಮಗು ಮಾಡಿದ್ದು ಎಂದು ವಾಪಸು ಕಳಿಸಿದರು. ಹಾಗಾದರೆ ಇವರಿಗೆ ಬೇಕಾದದ್ದು ಏನು? ಅಂದು ದೊಡ್ಡವರ ಕೈ ತಾಗಿದರೆ ಕಳ್ಳತನ, ಇಂದು ತಾಗದಿದ್ದರೆ ಅಶಿಸ್ತು. ಎರಡು ಕಾಲದಲ್ಲೂ ಮಗುವಿನ ಪಕ್ಕದಲ್ಲಿ ಕೂತು, ಇದಕ್ಕೆ ಬಾಲ ಬೇಕಾ ಎಂದು ಒಬ್ಬರೂ ಕೇಳಲಿಲ್ಲ. ಏಳು ವರ್ಷದ ಕೈಯಿಂದ ಏಳು ವರ್ಷದ ಕೆಲಸ ಬಂದರೆ ಅದು ನೀಟಲ್ಲವಂತೆ! ನೀಟು, ನೀಟು, ನೀಟು. ಹಾಸಿಗೆ ನೀಟಾಗಿರಲಿ, ಶೂಸು ನೀಟಾಗಿರಲಿ, ಒಪ್ಪುತ್ತೇನೆ. ವಾಂತಿ ಮಾಡುವ ಹೆಂಗಸಿನ ಮೇಲೆ ಒಂದು ಮಗುವಿಗೆ ಹುಟ್ಟಿದ ಕನಿಕರವನ್ನು ಹೇಗೆ ನೀಟು ಮಾಡುತ್ತೀರಿ? ದಾರ ಕತ್ತರಿಸಿಯೇ? ಬೈಯುವುದೆಲ್ಲ ಬೈದು ಮುಗಿಸಿದ ಮೇಲೆ ಎದುರಿಗೆ ಉಳಿದದ್ದು ನಾನೇ. ಅಂಗಡಿಗೆ ನಡೆದುಹೋದ ಕಾಲು ನನ್ನದು. ‘ನಾವು ಮಾಡಿದ್ದು ಅನ್ನು’ ಎಂದ ಬಾಯಿ ನನ್ನದು.

ಹತ್ತೂವರೆಗೆ ಎದ್ದೆ. ಬಸ್ಸನ್ನು ತೆಗೆದು, ಕಂಡಕ್ಟರನ ಮುಖದ ಹಳದಿ ಚೀಟಿ ಕಿತ್ತು, ಅಲುಗಾಡುತ್ತಿದ್ದ ಒಂದು ಮುಚ್ಚಳವನ್ನು ಹಾಗೆಯೇ ಬಿಟ್ಟು, ಕೈಯಲ್ಲಿ ಹಿಡಿದು ಶಾಲೆಗೆ ಹೋದೆ. ಸಭಾಂಗಣದಲ್ಲಿ ಉದ್ದಕ್ಕೆ ಮೇಜು, ಬಿಳಿ ಬಟ್ಟೆ, ಅದರ ಮೇಲೆ ಗುಡಿಸಲು, ಗುಡಿಸಲು, ಬಾವಿ, ಗುಡಿಸಲು. ಎಲ್ಲ ಅಂಗಳದಲ್ಲೂ ಅದೇ ಪ್ಲಾಸ್ಟಿಕ್ ಹಸು ಒಂದೇ ಕಡೆಗೆ ಮುಖ ಮಾಡಿ ನಿಂತಿತ್ತು. ಅಮ್ಮಂದಿರು ತಂತಮ್ಮ ಮಕ್ಕಳನ್ನು ಗುಡಿಸಲಿನ ಪಕ್ಕ ನಿಲ್ಲಿಸಿ ಫೋಟೋ ತೆಗೆಯುತ್ತಿದ್ದರು; ಒಬ್ಬರ ಕಣ್ಣನ್ನು ಇನ್ನೊಬ್ಬರು ನೋಡುತ್ತಿರಲಿಲ್ಲ. ಸನಾ ತನ್ನ ಹೆಸರಿನ ಚೀಟಿಯ ಹಿಂದೆ ಕೈಕಟ್ಟಿ ನಿಂತಿದ್ದಳು. ನಾನು ಬಸ್ಸನ್ನು ಮೇಜಿನ ಮೇಲಿಟ್ಟೆ. ಮಿಸ್ ಓಡಿಬಂದಳು.

“ಅಯ್ಯೋ ಮ್ಯಾಮ್, ಒಬ್ಬರಿಗೆ ಒಂದೇ. ಸನಾಳದ್ದು ಆಗಲೇ ಇಟ್ಟಾಗಿದೆ. ಎಷ್ಟು ನೀಟಾಗಿ ಬಂದಿದೆ ನೋಡಿ, ಸ್ಟಾರ್ ಕೊಟ್ಟಿದ್ದೇವೆ.”

“ಅದು ಅವಳು ಮಾಡಿದ್ದಲ್ಲ ಮಿಸ್. ನಾನು ಕೊಂಡು ತಂದದ್ದು. ಇದು ಅವಳು ಮಾಡಿದ್ದು. ಸ್ಟಾರ್ ಬೇಡ, ಅದನ್ನ ತೆಗೆದು ಇದನ್ನಿಡಿ.”

ನನ್ನ ದನಿ ಸ್ವಲ್ಪ ಏರಿತ್ತು. ಪಕ್ಕದ ಗುಡಿಸಲಿನ ತಾಯಿ ಫೋಟೋ ತೆಗೆಯುವುದನ್ನು ನಿಲ್ಲಿಸಿದಳು. ಮಿಸ್ ಮುಖ ಕೆಂಪಾಯಿತು. ಪಾಪ, ಅವಳ ಹಿಂದೆ ದೊಡ್ಡ ಮೇಡಂ ನಿಂತಿದ್ದರು. ಅವಳು ಸನಾಳ ಕಡೆ ತಿರುಗಿ, “ನೀನೇ ಹೇಳು ಪುಟ್ಟಾ, ಯಾವುದು ಇಡೋಣ?” ಎಂದಳು. ನಾನು ಮಗಳ ಮುಖ ನೋಡಿದೆ. ಅವಳು ಬಸ್ಸನ್ನು ನೋಡಿದಳು, ಸಾಲಾಗಿ ನಿಂತ ಗುಡಿಸಲುಗಳನ್ನು ನೋಡಿದಳು, ತನ್ನ ಗೆಳತಿಯರನ್ನು ನೋಡಿದಳು. ಆಮೇಲೆ ಎರಡೂ ಕೈಯಿಂದ ಬಸ್ಸನ್ನು ಮೆಲ್ಲಗೆ ನನ್ನ ಕಡೆ ತಳ್ಳಿದಳು.

“ಬೇಡ ಅಮ್ಮಿ. ಅದು ನೀಟಿಲ್ಲ.”

ನಾನು ಅದನ್ನೆತ್ತಿಕೊಂಡು ಬಂದೆ. ದಾರಿಯುದ್ದಕ್ಕೂ ಸನಾ ನನಗಿಂತ ಎರಡು ಹೆಜ್ಜೆ ಮುಂದೆಯೇ ನಡೆದಳು. ಮಧ್ಯಾಹ್ನ ಊಟ ಮಾಡಿದಳು, ಹೋಮ್‌ವರ್ಕ್ ಮಾಡಿದಳು, ಕರೆಯದೆಯೇ ಸ್ನಾನಕ್ಕೆ ಹೋದಳು. ನಾನು ಅವಳ ಪಕ್ಕ ಕೂತು ಹಳೆಯ ಕಾಗದ, ಕತ್ತರಿ ಹರವಿದೆ. ಲಾರಿ ಮಾಡೋಣವಾ ಎಂದೆ. “ನೀನು ಮಾಡು, ನಾನು ನೋಡ್ತೇನೆ,” ಎಂದಳು ಒಳ್ಳೆಯ ಹುಡುಗಿಯ ಹಾಗೆ. ನನ್ನ ಕೈಗೆ ಒಂದು ಗಾಲಿಯೂ ಬರಲಿಲ್ಲ. ಅವಳು ಟಿವಿಯ ಮುಂದೆ ಹೋಗಿ ಕೂತಳು. ನಾನು ಕತ್ತರಿಯನ್ನು ಒಳಗಿಟ್ಟು, ಒಣಗಿದ ಬಟ್ಟೆ ತೆಗೆಯಲು ಹಿತ್ತಲಿಗೆ ಹೋದೆ.

ಕಂಪೌಂಡಿನ ಆಚೆ ಪಕ್ಕದ ಮನೆಯ ಶಾರದಕ್ಕ ಕಸಬರಿಗೆ ಹಿಡಿದು ನಿಂತಿದ್ದರು. ನನ್ನನ್ನು ಕಂಡು ಸೊಂಟದ ಮೇಲೆ ಕೈಯಿಟ್ಟು ನಕ್ಕರು.

“ಎಂತದೇ, ಇವತ್ತು ನಿನ್ನ ಕೂಸಿನ ಕಾಗದದ ಚೂರು ಒಂದೂ ನಮ್ಮನೆ ಅಂಗಳಕ್ಕೆ ಹಾರಿ ಬೈಂದಿಲ್ಲೆ! ದಿನಾ ಗುಡಿಸಿ ಗುಡಿಸಿ ನನ್ನ ಸೊಂಟ ಬಿದ್ದು ಹೋಗ್ತಿತ್ತು. ಇವತ್ತೊಂದಿನ ಆರಾಮಾತು ನೋಡು.”